ನಂಜುಂಡಪ್ಪನವರ ಮಗ್ಗದ ಗುಂಡಿ

ದೀಪಾವಳಿ ಕಳೆದು ವಾರವಾದರೂ ತಮಿಳು ಸೀಮೆಯ ಸಿಂಗಾನಲ್ಲೂರಿನಲ್ಲಿ ಮಳೆ ಬಿಟ್ಟಿರಲಿಲ್ಲ. ಪೀಳಮೇಡಿನ ನಮ್ಮ ಕಾಲೇಜಿಗೆ ರಜೆ ಕೊಟ್ಟಿದ್ದರು. ದಾವಣಗೆರೆಯ ಧನಶ್ರೀ, ಹಾಸನದ ಸುಪ್ರೀತಾ ಎಂಬ ನಾನು, ರಾಜಮ್ಮಜ್ಜಿಯ ಮಾಳಿಗೆ ಕೋಣೆಗೆ ಬಾಡಿಗೆಗೆ ಬಂದು ಆಗಿನ್ನೂ ಒಂದು ತಿಂಗಳು. ಮಧ್ಯಾಹ್ನವೇ ಕರೆಂಟು ಹೋಯಿತು. ಕೆಳಗಿಳಿದು ಬಂದು ಅಜ್ಜಿಯ ಹಜಾರದಲ್ಲಿ ಚಾಪೆಯ ಮೇಲೆ ಕೂತೆವು. ಅಜ್ಜಿಯದು ತಲೆಮಾರುಗಳಿಂದ ಇಲ್ಲಿ ನೆಲೆಸಿದ ನೇಕಾರರ ಮನೆ. ಅವರ ಕನ್ನಡ ತಮಿಳಿನ ರಾಗದಲ್ಲಿ ನಡೆಯುತ್ತದೆ; ನಮ್ಮನ್ನು ಮುದ್ದಿನಿಂದ ‘ಕಣ್ಣು’ ಎಂದೇ ಕರೆಯುತ್ತಾರೆ.

“ಕತ್ತಲಾದ ಮೇಲೆ ಒಂದು ದೆವ್ವದ ಕತೆ ಹೇಳಿ ಅಜ್ಜಿ” ಎಂದಳು ಧನಶ್ರೀ. ಅಜ್ಜಿಗೆ ಸಿಟ್ಟು ಬಂತು.

“ಕತ್ತಲು ಯಾತಕ್ಕೆ ಕಣ್ಣು? ನಮ್ಮನೆ ದೆವ್ವ ಹಗಲು ದೆವ್ವ. ಕತ್ತಲಲ್ಲಿ ನೇಯ್ದರೆ ದಾರ ಕಾಣುತ್ತಾ? ಕೇಳಿ... ನಮ್ಮ ಮಾಮ, ಅಂದ್ರೆ ನನ್ನ ಗಂಡನ ಅಪ್ಪ, ನಂಜುಂಡಪ್ಪ ಅಂತ. ಈ ಹಜಾರದಲ್ಲೇ ಅವರ ಮಗ್ಗ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು, ಹಲಗೆ ತುಳೀತಾ ನೇಯೋದು. ಅರವತ್ತು ವರ್ಷ ತುಳಿದರು. ಮೂರು ಗಂಟೆ ಆಯ್ತು ಅಂದ್ರೆ ನಾನು ಕಾಫಿ ತಂದಿಡ್ಬೇಕು, ಸಕ್ಕರೆ ಅರ್ಧ ಚಮಚ. ಐದು ನಿಮಿಷ ತಡವಾದ್ರೆ ಹಿಮ್ಮಡಿಯಿಂದ ಗುಂಡಿ ಗೋಡೆಗೆ ಧಡ್ ಧಡ್ ಅಂತ ಗುದ್ದೋರು. ಬಾಯಿಬಿಟ್ಟು ಕೇಳೋ ಜಾತಿ ಅಲ್ಲ. ತೊಂಬತ್ತೆಂಟರಲ್ಲಿ ಹೋದರು. ಮಗ್ಗ ಮಾರಿದೆವು, ಗುಂಡಿ ಉಳೀತು.

“ಎರಡು ಸಾವಿರದ ಆರರಲ್ಲಿ ಜೀವನ್ ಅಂತ ನಿಮ್ಮ ಕಡೆ ಹುಡುಗ ಬಂದ, ಭೂಮಿ ಓದೋನು. ಊರೆಲ್ಲ ಬೋರ್ ಕೊರೆದು ನೀರೆತ್ತುತ್ತಾರಲ್ಲ, ಅದರಿಂದ ನೆಲ ಕುಸೀತಾ, ವಾಲುತ್ತಾ ಅಂತ ಅಳೀಬೇಕಂತೆ. ಕೂದಲೆಳೆಯಷ್ಟು ಅಲ್ಲಾಡಿದರೂ ಗೊತ್ತಾಗೋ ಮೆಷಿನ್. ಬಿಸಿಲು ತಾಗದ, ಗಟ್ಟಿ ನೆಲದ ಗುಂಡಿ ಹುಡುಕ್ತಾ ಇದ್ದ. ಮಾಮನ ಗುಂಡಿ ನೋಡಿ ಬಂಗಾರ ಸಿಕ್ಕಿದಂಗೆ ಆಡಿದ, ಪಾವಂ, ಪಾಪದ ಹುಡುಗ. ಮೆಷಿನ್ ಅದರೊಳಗೆ ಇಟ್ಟ. ಮಾರನೇ ದಿನ ಲ್ಯಾಪ್‌ಟಾಪ್ ನೋಡಿ ಮುಖ ಬಾಡಿಸ್ಕೊಂಡ. ಮಧ್ಯಾಹ್ನ ಒಂದು ಗಂಟೆಯಾದ್ರೆ ಸಾಕು, ನೆಲ ಅಲ್ಲಾಡ್ತಾ ಇದೆ.

“ಪಕ್ಕದ ಮನೆ ತಂಗಮಣಿಯ ಗ್ರೈಂಡರ್ ಅಂದ. ಕೈಕಾಲು ಹಿಡಿದು ನಿಲ್ಲಿಸಿದೆವು. ಒಂದು ವಾರ ಅವಳ ಮನೇಲಿ ಇಡ್ಲಿ ಇಲ್ಲ, ಬರೀ ಉಪ್ಪಿಟ್ಟು. ಇವತ್ತಿಗೂ ನನ್ನ ಕೂಡೆ ನೆಟ್ಟಗೆ ಮಾತಾಡಲ್ಲ. ಆಮೇಲೆ ಬಸ್ಸು, ಇಲ್ಲಾಂದ್ರೆ ಆಚೆ ಬೀದಿ ಮಿಲ್ಲು ಅಂದ. ಭಾನುವಾರ ಮಿಲ್ಲಿಗೂ ರಜ, ಆದ್ರೂ ಅಲ್ಲಾಡ್ತು. ಅವನಿಗೆ ಪಾಠ ಹೇಳೋ ಸಾರ್ ಫೋನಿನಲ್ಲೇ ಉಗಿದರು: ಶುಕ್ರವಾರದೊಳಗೆ ಸರಿಯಾಗದಿದ್ರೆ ಮೆಷಿನ್ ವಾಪಸ್, ನೀನೂ ಊರಿಗೆ ಹೊರಡು. ಹುಡುಗ ಇಲ್ಲೇ, ಈ ಕಂಬಕ್ಕೆ ಒರಗಿ ಕಣ್ಣೀರು ಹಾಕಿದ. ಎಲ್ಲಿ, ಅದೇನದು ತೋರ್ಸು ಅಂದೆ.

“ನನಗೆ ಕನ್ನಡ ಓದೋಕೆ ಬರಲ್ಲ ಕಣ್ಣು, ತಮಿಳೂ ಅಷ್ಟಕ್ಕಷ್ಟೇ. ಆದ್ರೆ ಲ್ಯಾಪ್‌ಟಾಪಿನಲ್ಲಿ ಓಡ್ತಿದ್ದ ಆ ಗೆರೆ ಓದಿಬಿಟ್ಟೆ... ಒಂದರಿಂದ ಮೂರರವರೆಗೆ ಎಡ, ಬಲ, ಎಡ, ಬಲ, ಒಂದೇ ಸಮ. ನಡುವೆ ಕೊಂಚ ಬಿಡುವು: ಅಲ್ಲಿ ದಾರ ಹರಿದಿದೆ, ಗಂಟು ಹಾಕ್ತಿದ್ದಾರೆ. ಮೂರಕ್ಕೆ ಗೆರೆ ನೆಟ್ಟಗೆ ಮಲಗುತ್ತೆ: ಕಾಫಿಗೆ ಕಾಯ್ತಿದ್ದಾರೆ. ಮೂರೂ ಐದಕ್ಕೆ ಎತ್ತರವಾಗಿ ಧಡ್ ಧಡ್... ಎಂಟು ವರ್ಷ. ಎಂಟು ವರ್ಷ ಆ ಮನುಷ್ಯ ಕಾಫಿ ಇಲ್ಲದೆ ಗುದ್ದುತ್ತಾ ಇದ್ದರು, ಯಾರಿಗೂ ಕೇಳಿಸಿರಲಿಲ್ಲ. ಹೆದರಿಕೆ ಆಯ್ತಾ ಅಂತೀರಾ? ಇಲ್ಲ. ನನಗೆ ನಾಚಿಕೆ ಆಯ್ತು.

“ಮಾರನೇ ದಿನ ಮೂರಕ್ಕೆ ಸರಿಯಾಗಿ ಗುಂಡಿ ಅಂಚಿಗೆ ಲೋಟ ಇಟ್ಟೆ. ‘ಮಾಮ, ತಪ್ಪಾಯ್ತು. ಈ ಹುಡುಗನ ಬಾಳು ನಿಮ್ಮ ಕಾಲಲ್ಲಿದೆ, ಸುಮ್ಮನಿರಿ. ನಾನಿರೋವರೆಗೆ ಕಾಫಿ ತಪ್ಪಿಸಲ್ಲ. ನಾನಿಲ್ಲದಿದ್ರೆ ಮನೇಲಿ ಯಾರಿರ್ತಾರೋ ಅವರು ಕೊಡ್ತಾರೆ’ ಅಂದೆ. ಆ ದಿನದ ಗೆರೆ ನೋಡಬೇಕಿತ್ತು, ಮಗ್ಗಕ್ಕೆ ಎಳೆದು ಕಟ್ಟಿದ ಹಾಸು ನೂಲಿನಂಗೆ ನೆಟ್ಟಗೆ. ವರ್ಷಪೂರ್ತಿ ಹಂಗೇ. ಜೀವನ್ ತನ್ನ ಸಾರ್‌ಗೆ ಏನು ಬರೆದು ಕಳಿಸಿದ ಗೊತ್ತಾ? ಬಾಗಿಲ ಸಂದಿ ಮುಚ್ಚಿದ್ದರಿಂದ ಸರಿಹೋಯ್ತು ಅಂತ.”

ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಹೊರಗೆ ಗುಡುಗುತ್ತಿತ್ತೋ ಏನೋ, ಚಾಪೆಯ ಅಡಿಯಿಂದ ಸಣ್ಣಗೆ ಅದುರಿದಂತಾಯಿತು.

“ನಾಡಿದ್ದು ನನಗೆ ಕಣ್ಣಿನ ಆಪರೇಷನ್. ತಿರುಪ್ಪೂರಿನ ತಮ್ಮನ ಮನೇಲಿ ಹದಿನೈದು ದಿನ ಇರ್ತೀನಿ” ಎಂದರು ಅಜ್ಜಿ. “ಮನೇಲಿ ಇರೋರು ಅಂದ್ರೆ... ನೀವಿಬ್ಬರೇ ಅಲ್ವಾ? ನೀವು ಬರೋ ಮುಂಚೆ ಎರಡು ತಿಂಗಳು ಈ ಮಾಳಿಗೆಗೆ ಯಾರ್ಯಾರೋ ಬಂದು ಕೇಳಿದರು. ಕಾಫಿ ಮಾಡೋಕೆ ಬರುತ್ತಾ ಅಂತ ನಿಮ್ಮನ್ನೂ ಸೇರಿಸಿ ಎಲ್ಲರನ್ನೂ ನಾನು ಯಾಕೆ ವಿಚಾರಿಸ್ತಿದ್ದೆ ಅಂದ್ಕೊಂಡ್ರಿ?”

ಧನಶ್ರೀಯ ನಗು ಅರ್ಧಕ್ಕೆ ನಿಂತಿತು. ಚಾಪೆ ಮತ್ತೊಮ್ಮೆ ಅದುರಿತು.

“ಗಂಟೆ ಎಷ್ಟಾಯ್ತು ಕಣ್ಣು?”

ನಾನು ಮೊಬೈಲ್ ನೋಡಿದೆ. “ಮೂರು ಗಂಟೆ ಐದು ನಿಮಿಷ, ಅಜ್ಜಿ.”

“ಅಯ್ಯೋ, ಕತೇಲಿ ಮರೆತೇಬಿಟ್ಟೆ. ಸುಪ್ರೀತಾ, ನೀನು ಕೂತಿರೋ ಚಾಪೆ ಅಡಿ ಇರೋದು ಆ ಗುಂಡಿ ಮುಚ್ಚಿದ ಹಲಗೆ... ಮೆಲ್ಲಗೆ ಎದ್ದು ಹೋಗಿ ಹಾಲಿಡು. ಸಕ್ಕರೆ ಅರ್ಧ ಚಮಚ. ಜಾಸ್ತಿ ಹಾಕಿದರೂ ಗುದ್ದುತ್ತಾರೆ.”