ನಾಲ್ಕನೇ ಮೂಲೆಯ ಅಂಗಿ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಈ ವಾಚನಾಲಯವನ್ನು ಸ್ವಂತ ಮನೆಯಂತೆ ನೋಡಿಕೊಳ್ಳುತ್ತಿರುವ ಗ್ರಂಥಪಾಲಕಿ ಫರಹತ ಮೇಡಂ ಅವರೇ, ಚಿತ್ತಾಪುರ, ವಾಡಿ, ಚಿಂಚೋಳಿ ಕಡೆಯಿಂದ ಸೇಡಂವರೆಗೆ ಬಂದಿರುವ ತಾಯಂದಿರೇ, ಆ ತಾಯಂದಿರು ಎಳೆದುಕೊಂಡು ಬಂದದ್ದರಿಂದ ಬಂದಿರುವ ಗಂಡಸರೇ, ಸಭಿಕರೇ,

ನನ್ನ ಬೆನ್ನ ಹಿಂದೆ ಒಂದು ಹಗ್ಗ ಕಟ್ಟಿದ್ದಾರೆ. ಅದರ ಮೇಲೆ ನಮ್ಮ ಮನೆಯ ಕೌದಿ ತೂಗಬೇಕಿತ್ತು. ಆಮಂತ್ರಣ ಪತ್ರಿಕೆಯಲ್ಲಿಯೂ ಹಾಗೆಂದು ಅಚ್ಚಾಗಿದೆ. ಹಗ್ಗ ಖಾಲಿ ಇದೆ. ಫರಹತ ಮೇಡಂ ಆಗಿನಿಂದ ನನ್ನನ್ನು ನೋಡುತ್ತಿರುವ ನೋಟ ನನಗೆ ಹೊಸದಲ್ಲ. ಹೋಂವರ್ಕ್ ತರದ ಮಕ್ಕಳನ್ನು ನಾನೂ ಹೀಗೇ ನೋಡುತ್ತಿದ್ದೆ. ಕಾರಣ ಹೇಳುತ್ತೇನೆ, ಮೇಡಂ. ಅದಕ್ಕೂ ಮೊದಲು ತಾವು ಒಪ್ಪಿಸಿದ ಕೆಲಸ ಮಾಡುತ್ತೇನೆ.

ಇಂದು ಉದ್ಘಾಟನೆಯಾದ ಈ ಕಪಾಟಿನಲ್ಲಿ ಕೌದಿ, ಕಸೂತಿ, ನೇಯ್ಗೆ, ಬಣ್ಣಗಾರಿಕೆಯ ಪುಸ್ತಕಗಳಿವೆ. ಯಾವುದನ್ನು ಓದಬೇಕು, ಯಾಕೆ ಓದಬೇಕು ಎಂದು ಹೇಳಲು ನನ್ನನ್ನು ಕರೆದಿದ್ದಾರೆ. ಈ ಕಲ್ಯಾಣಪ್ಪ ಇತಿಹಾಸದ ಮೇಷ್ಟ್ರು, ಅಂಗಿಯ ಗುಂಡಿ ಕಿತ್ತರೆ ಹೆಂಡತಿಯ ಮುಖ ನೋಡುವವನು, ಇವನಿಗೇನು ಗೊತ್ತು ಕೌದಿ ಎಂದು ತಾವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಈ ಪುಸ್ತಕಗಳಲ್ಲಿ ಅರ್ಧದಷ್ಟು ನಾನು ಕೊಂಡು ಓದಿ ಕೊಟ್ಟವು. ಯಾಕೆ ಕೊಂಡೆ? ಅದು ಇನ್ನೊಂದು ಪ್ರಶ್ನೆ. ಅದಕ್ಕೂ ಬರುತ್ತೇನೆ.

ಮೊದಲನೆಯದಾಗಿ, ಮೇಲಿನ ಸಾಲಿನ ಆ ದಪ್ಪ ಪುಸ್ತಕ. ಹೊರದೇಶದವರು ಗೋಡೆಗೆ ತೂಗುಹಾಕಲೆಂದೇ ಹೊಲಿದ ಕೌದಿಗಳ ಚಿತ್ರಗಳು ಅದರಲ್ಲಿವೆ. ಬೆಟ್ಟ, ಕಡಲು, ಹಕ್ಕಿಗಳ ಹಿಂಡು, ಎಲ್ಲವೂ ಬಟ್ಟೆಯ ತುಂಡುಗಳಲ್ಲಿ. ಬಣ್ಣಕ್ಕೆ ಬಣ್ಣ ಹೇಗೆ ಕೂಡಿಸುತ್ತಾರೆ ಎಂಬುದನ್ನು ಕಲಿಯಲು ಅದನ್ನು ಅವಶ್ಯ ನೋಡಿ. ನಾನು ಅದನ್ನು ಮಳಖೇಡದ ನಮ್ಮ ಮನೆಯಲ್ಲಿ ನನ್ನ ತಾಯಿ ಲಲಿತಾಬಾಯಿಯವರ ತೊಡೆಯ ಮೇಲಿಟ್ಟೆ. ಊರಿನ ಅರ್ಧ ಮಕ್ಕಳು ಆಕೆ ಹೊಲಿದ ಕೌದಿಯ ಮೇಲೆ ಬೆಳೆದವರು. ಆಕೆ ಪ್ರತಿ ಹಾಳೆಯನ್ನೂ ಬೆರಳಿನಿಂದ ಸವರಿದಳು. ಆಮೇಲೆ, "ಚಂದ ಅದ. ಭಾಳ ಚಂದ ಅದ. ಆದ್ರ ಇದನ್ನ ಹೊದ್ದಗೊಳ್ಳಾವ್ರು ಯಾರ?" ಎಂದಳು.

ಎರಡನೆಯದು ಮರಾಠಿಯದು, ಗೋಧಡಿಯ ಬಗ್ಗೆ. ನಮ್ಮ ಕೌದಿಯ ಅಕ್ಕನೋ ತಂಗಿಯೋ ಅದು. ಇಲ್ಲಿ ಮರಾಠಿ ಬಲ್ಲವರು ಬೇಕಾದಷ್ಟಿದ್ದೀರಿ, ಓದಿ. ಪ್ರತಿ ಊರಿಗೂ ಮೂಲೆ ಮುಗಿಸುವ ಬೇರೆ ಬೇರೆ ರೀತಿ ಇದೆ ಎಂಬುದು ನನಗೆ ಅದರಿಂದ ತಿಳಿಯಿತು. ನಮ್ಮ ಮನೆಯ ರೀತಿಯನ್ನೂ ಹೇಳಿಬಿಡುತ್ತೇನೆ. ಹಳೆ ಸೀರೆ, ಹಳೆ ಧೋತರ ಪದರ ಪದರವಾಗಿ ಹಾಸಿ ಹೊಲಿಯುತ್ತಾ ಬಂದು, ನಾಲ್ಕನೇ ಮೂಲೆಯನ್ನು ಬಿಡುತ್ತಾರೆ. ಕೌದಿ ಯಾರಿಗೋ ಅವರು ಉಟ್ಟು ತೊಟ್ಟು ಸವೆಸಿದ ಬಟ್ಟೆ ಆ ಮೂಲೆಗೆ ಬರಬೇಕು. ಅದರೊಳಗೆ ಹೋಳಿಗೆಯ ಒಂದು ಚೂರು ಇಟ್ಟು ಮುಚ್ಚಬೇಕು. ಕೌದಿ ಹಸಿದಿದ್ದರೆ ಹೊದ್ದವರಿಗೆ ನಿದ್ದೆ ಬರುವುದಿಲ್ಲ ಎಂದು ನಂಬಿಕೆ. ಇರುವೆ ಬರುತ್ತದೆ ಎಂಬುದು ನನ್ನ ಅನುಭವ.

ಹುಟ್ಟಿದ ಕೂಸಿಗೆ ಸವೆದ ಬಟ್ಟೆ ಎಲ್ಲಿಂದ ಬರಬೇಕು? ಅದಕ್ಕೆಂದೇ ನಮ್ಮಲ್ಲಿ ಕೂಸಿಗೆ ಮೊದಲು ತೊಡಿಸುವುದು ಅಜ್ಜಿಯ ಹಳೆ ಸೀರೆಯಿಂದ ಮಾಡಿದ ಅಂಗಿ. ನನ್ನ ಕೌದಿಯ ಮೂಲೆಯಲ್ಲಿಯೂ ಅದೇ ಇತ್ತು, ನನ್ನ ಮಗ ಚನ್ನುವಿನ ಕೌದಿಯಲ್ಲಿಯೂ ಅದೇ.

ಚನ್ನು ಮತ್ತು ಸೊಸೆ ಶೈಲಶ್ರೀಗೆ ಬಹಳ ವರ್ಷ ಮಕ್ಕಳಾಗಲಿಲ್ಲ. ಇದನ್ನು ಸಭೆಯಲ್ಲಿ ಹೇಳುವ ವಿಚಾರವಿರಲಿಲ್ಲ, ಆದರೆ ಬಾಯಿಗೆ ಬಂದಿದೆ. ಕಾದು ಕಾದು ಅವರು ಶಿಶುಗೃಹದಿಂದ ಒಂದು ಹೆಣ್ಣು ಮಗುವನ್ನು ದತ್ತು ತಂದರು. ನೀಲಾಂಬಿಕಾ. ಬರುವಾಗಲೇ ನಡೆಯುತ್ತಿದ್ದಳು, ಅಜ್ಜಿಯ ಸೀರೆಯ ಆ ಮೊದಲ ಅಂಗಿಯ ಕಾಲ ದಾಟಿತ್ತು. ಬರುವಾಗ ಅವಳ ಮೈಮೇಲೆ ಒಂದು ಹಸಿರು ಅಂಗಿ, ಹೊಸದು, ಗಂಜಿ ಹಾಕಿದ್ದು, ಮುಟ್ಟಿದರೆ ಸದ್ದಾಗುತ್ತಿತ್ತು.

ನನ್ನ ತಾಯಿ ಕೌದಿ ಹೊಲಿದಳು. ಮೂರು ಮೂಲೆ ಮುಗಿಸಿದಳು. ನಾಲ್ಕನೆಯದನ್ನು ಬಿಟ್ಟು, ಮಡಚಿ, ಟ್ರಂಕಿನ ಮೇಲೆ ಇಟ್ಟಳು. ವಾರ ಕಳೆಯಿತು, ತಿಂಗಳು ಕಳೆಯಿತು, ಕೌದಿ ಅಲ್ಲೇ ಇತ್ತು. ಮಗುವನ್ನು ಹೆಸರು ಹಿಡಿದು ಕರೆಯಲಿಲ್ಲ. "ಆ ಹುಡುಗಿ ಉಂಡದೇನ?" ಎಂದು ಕೇಳುತ್ತಿದ್ದಳು, ಅಷ್ಟೇ.

ನಾವೆಲ್ಲ ಏನು ತಿಳಿದೆವು? ತಾವಾದರೂ ಏನು ತಿಳಿಯುತ್ತಿದ್ದಿರಿ? ರಕ್ತದ ಮಾತು ಎಂದು ತಿಳಿದೆವು. ಒಂದು ದಿನ ಅಡುಗೆಮನೆಯಲ್ಲಿ ಶೈಲಶ್ರೀ ನನಗೆ ಹೇಳಿದಳು: "ಮಾವಾ, ಆಯಿಗಿ ನಾ ಏನೂ ಅನ್ನಲ್ರಿ. ಆದ್ರ ನನ್ನ ಮಗಳು ಬ್ಯಾರೆದಾಕಿ ಅಂತ ಕಲ್ಕೊಂಡು ಬೆಳಿಯೂದು ಬ್ಯಾಡ. ನಾವು ಆದಿತ್ಯನಗರದಾಗ ಕ್ವಾರ್ಟರ್ಸ್ ತಗೋತೀವಿ." ಆದಿತ್ಯನಗರವೆಂದರೆ ಚನ್ನುವಿನ ಸಿಮೆಂಟ್ ಫ್ಯಾಕ್ಟರಿಯ ಕಾಲೊನಿ, ನಮ್ಮ ಮನೆಯಿಂದ ಕೂಗಳತೆ. ಆದರೂ ಒಂದು ಒಲೆ ಎರಡಾಗುತ್ತಿತ್ತು.

ಆಗ, ಸಭಿಕರೇ, ನಾನು ಪುಸ್ತಕ ಕೊಳ್ಳಲು ಶುರು ಮಾಡಿದೆ. ಮೇಷ್ಟ್ರಿಗೆ ಬೇರೇನು ಗೊತ್ತು? ನಮ್ಮ ಮನೆಯ ರೀತಿ ಬಿಟ್ಟು ಇನ್ನೊಂದು ರೀತಿಯಿಂದ ಮೂಲೆ ಮುಗಿಸಬಹುದೆಂದು ಎಲ್ಲಿಯಾದರೂ ಬರೆದಿದ್ದರೆ ತಾಯಿಗೆ ಓದಿ ಹೇಳೋಣ ಎಂಬ ಆಸೆ. ಮೂರನೇ ಪುಸ್ತಕ ಹಾಗೆ ಬಂದದ್ದು. ಕೆಳಗಿನ ಸಾಲಿನಲ್ಲಿದೆ, ನೀಲಿ ರಟ್ಟು. ಬಟ್ಟೆಯ ಗುಣ, ಸೂಜಿ, ದಾರ, ಎಲ್ಲದರ ಬಗ್ಗೆ ಬಹಳ ಒಳ್ಳೆಯ ಪುಸ್ತಕ, ಹೊಲಿಯುವವರು ಇದೊಂದನ್ನಾದರೂ ಓದಲೇಬೇಕು. ಹೊಸ ಬಟ್ಟೆಯನ್ನು ಮತ್ತೆ ಮತ್ತೆ ಒಗೆದು ಮೆತ್ತಗೆ ಮಾಡಿ ಬಳಸಿರಿ ಎಂದು ಅದರಲ್ಲಿದೆ.

ಹಬ್ಬಕ್ಕೆಂದು ಶೈಲಶ್ರೀ ಎತ್ತಿಟ್ಟಿದ್ದ ಆ ಹಸಿರು ಅಂಗಿಯನ್ನು ತೆಗೆದುಕೊಂಡು ನಾನು ಹಿತ್ತಲಿಗೆ ಹೋದೆ. ನಮ್ಮಲ್ಲಿ ಶಹಾಬಾದ ಕಲ್ಲಿಗೇನು ಕಡಿಮೆ? ಚಪ್ಪಡಿಯ ಮೇಲಿಟ್ಟು ಒಗೆದೆ, ಒಣಗಿಸಿದೆ, ಮತ್ತೆ ಒಗೆದೆ. ಈ ನಿವೃತ್ತ ಮುಖ್ಯೋಪಾಧ್ಯಾಯ ಬೀದಿಯವರೆಲ್ಲ ನೋಡುವಂತೆ ಅಂಗೈಯಗಲದ ಅಂಗಿಯನ್ನು ಕಲ್ಲಿಗೆ ಬಡಿಯುತ್ತಿದ್ದ. ತಾಯಿ ಕೋಲೂರಿಕೊಂಡು ಬಂದು ಬಾಗಿಲಲ್ಲಿ ನಿಂತಳು.

"ಏನ ಮಾಡ್ಲಿಕತ್ತೀಯೋ ಕಲ್ಯಾಣಿ?"

"ಅಂಗಿ ಹಳೇದು ಮಾಡ್ಲಿಕತ್ತೀನಿ, ಯವ್ವಾ. ಮೂಲಿಗಿ ಬೇಕಲ್ಲ."

ಆಕೆ ನಕ್ಕಳು. ಬಹಳ ದಿನಗಳ ಮೇಲೆ ಆಕೆ ನಕ್ಕದ್ದು ನೋಡಿದೆ. "ಹುಚ್ಚ ಖುಳ್ಳ, ಕಲ್ಲಿಗಿ ಬಡದ್ರ ಹರೀತದ, ಹಳೇದಾಗಂಗಿಲ್ಲ. ಆಕಿ ಮೈಮ್ಯಾಲ ಹಳೇದಾಗ್ಬೇಕು. ನಮ್ಮ ಮನ್ಯಾಗ ಹಳೇದಾಗ್ಬೇಕು. ಅದಕ್ಕಾ ಕಾಯ್ಲಿಕತ್ತೀನಿ. ಹೊರಗಿನ ಹೊಸ ಅರಿವಿ ಹಚ್ಚಿ ಮುಚ್ಚಿಬಿಟ್ರ ಆಕಿ ಕಡೀತನಕ ಮನೀಗಿ ಬಂದ ಬೀಗರ ಕೂಸಾಗಿ ಉಳೀತಾಳ."

ಆಕೆ ಮಗುವನ್ನು ದೂರ ಇಡುತ್ತಿದ್ದಾಳೆ ಎಂದು ನಾವು ತಿಳಿದಿದ್ದೆವು. ಆಕೆ ಒಳಗೆ ತೆಗೆದುಕೊಳ್ಳಲು ಕಾಯುತ್ತಿದ್ದಳು. ಒಳಗೆ ಶೈಲಶ್ರೀ ಕೇಳಿಸಿಕೊಂಡಿದ್ದಳು. ರೊಟ್ಟಿ ಬಡಿಯುವ ಸದ್ದು ನಿಂತಿತು. ಹೊರಗೆ ಬಂದು ನನ್ನ ಕೈಯಿಂದ ಅಂಗಿ ಕಸಿದುಕೊಂಡು, ಒಣಗಿಸಿ, ಮಗುವಿಗೆ ತೊಡಿಸಿದಳು. ಅಂದಿನಿಂದ ಮನೆಯಲ್ಲಿ ಎಲ್ಲರೂ ಆ ಅಂಗಿ ಸವೆಯುವುದನ್ನೇ ನೋಡುತ್ತಾ ಕೂತೆವು. ಅದಕ್ಕೆ ತೊಗರಿ ಬೇಳೆ ಚೆಲ್ಲಿತು, ಅರಿಶಿನ ಹತ್ತಿತು, ಕೊಟ್ಟಿಗೆಯ ಮೊಳೆಗೆ ಸಿಕ್ಕು ಹರಿಯಿತು. ಹರಿದ ದಿನ ಮಗು ಅತ್ತಿತು, ನಾವು ಹಿಗ್ಗಿದೆವು.

ಈ ದೀಪಾವಳಿಯ ಹೋಳಿಗೆಯ ದಿನ ತಾಯಿ ಯಾರನ್ನೂ ಕೇಳದೆ ಆ ಅಂಗಿ ಕತ್ತರಿಸಿದಳು. ಕಣ್ಣು ಕಾಣದ್ದರಿಂದ ಸೂಜಿಗೆ ದಾರ ಶೈಲಶ್ರೀ ಪೋಣಿಸಿಕೊಟ್ಟಳು. "ಬಾ ನೀಲವ್ವಾ, ನಿನ್ನ ಕೌದಿಗಿ ನೀನಾ ಉಣಸು," ಎಂದಳು ತಾಯಿ. ಮಗು ಹೋಳಿಗೆಯಲ್ಲಿ ಹೆಚ್ಚಿನ ಪಾಲು ತಾನು ತಿಂದು, ಒಂದು ಚೂರು ಮೂಲೆಗೆ ಇಟ್ಟಿತು. ಕ್ವಾರ್ಟರ್ಸಿನ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಮೇಡಂ, ಈಗ ಹಗ್ಗದ ವಿಷಯ. ಇಂದು ಬೆಳಗ್ಗೆ ಕೌದಿ ಮಡಚಲು ಹೋದೆ. ಒದ್ದೆಯಾಗಿತ್ತು. ತಾಯಿ ಅದನ್ನು ಒಗೆಸಿ ಅಂಗಳದಲ್ಲಿ ಹರವಿಸಿದ್ದಳು. ಸಭೆಯಲ್ಲಿ ಏನು ಹೇಳಲಿ ಎಂದು ಕೇಳಿದೆ. "ಇದ್ದದ್ದು ಹೇಳು. ನಮ್ಮ ನೀಲವ್ವ ಉಚ್ಚಿ ಹೊಯ್ದಾಳ, ಒಣಗ್ಲಿಕತ್ತದ ಅಂತ ಹೇಳು," ಎಂದಳು. ಅದನ್ನು ಹೇಳುವಾಗ ಆಕೆಯ ಮುಖದಲ್ಲಿದ್ದ ಜಂಬವನ್ನು ನಾನು ಯಾವ ಸನ್ಮಾನದಲ್ಲಿಯೂ ನೋಡಿಲ್ಲ.

ಪುಸ್ತಕಗಳನ್ನು ಓದಿ, ಚಿತ್ರ ನೋಡಿ ಹೊಲಿಯಿರಿ, ಗೋಡೆಗೂ ಹೊಲಿಯಿರಿ, ತಪ್ಪೇನಿಲ್ಲ. ಹಗ್ಗ ಇಲ್ಲೇ ಇರಲಿ, ಮುಂದಿನ ವರ್ಷ ನಿಮ್ಮದು ತೂಗಲಿ. ನಮ್ಮದು ಬರುವುದು ಕಷ್ಟ. ಹೊರಗೆ ಬಿಸಿಲು ಚೆನ್ನಾಗಿದೆ, ಸಂಜೆಯ ಹೊತ್ತಿಗೆ ಒಣಗುತ್ತದೆ, ಮತ್ತು ಅಷ್ಟೊತ್ತಿಗೆ ಅದು ಮನೆಯಲ್ಲಿ ಬೇಕಾಗುತ್ತದೆ.

ಇಷ್ಟು ಹೊತ್ತು ಸಹಿಸಿಕೊಂಡ ತಮಗೆಲ್ಲರಿಗೂ ನನ್ನ, ನನ್ನ ತಾಯಿಯ, ಮತ್ತು ನನ್ನ ಮೊಮ್ಮಗಳ ನಮಸ್ಕಾರ.