ಬಾಗಿಲಿಗೆ ಕೇಳೋವಷ್ಟು ಸಪ್ಪಳ

...ನಗಬ್ಯಾಡ. ನಗಬ್ಯಾಡ ಅಂದೆ ನೋಡು ಶಾವಲಿ! ಐವತ್ತೇಳು ವರ್ಷದಾಂವ ಕಾರಿಗೆ ಕೋನ್ ಫಿಲ್ಟರ್ ಹಾಕಿಸಬಾರ್ದು ಅಂತ ಯಾವ ಸರ್ಕಾರ ಆರ್ಡರ್ ಮಾಡೈತಿ? ಹಾಂ? ತೋರ್ಸು ನನಗ. ಸಲ್ಮಾ ಟೀಚರ್ ಮಗ ದಾನಿಷ್ ಹಾಕಿಸ್ಕೊಂಡ್ರ ಶೋಕಿ, ಈ ಅಯ್ಯಪ್ಪ ಕಂಟ್ರೋಲರ್ ಹಾಕಿಸ್ಕೊಂಡ್ರ ಹುಚ್ಚು! ಬೇಷ್ ಐತಿ ನಿನ್ನ ನ್ಯಾಯ. ಗ್ಯಾರೇಜ್ ಇಟ್ಕೊಂಡು ಗಿರಾಕಿ ಮುಂದ ನಗ್ತೀಯಲ್ಲೋ!

ನಕ್ಕು ಮುಗಿಸು. ನಾ ಈ ಟಯರ್ ಮ್ಯಾಲೆ ಕುಂತಿರ್ತೀನಿ. ಇವತ್ತು ಅರ್ಧ ದಿನ ರಜಾ ಹಾಕೀನಿ, ಅವಸರ ಏನಿಲ್ಲ. ಶನಿವಾರ ಮಧ್ಯಾಹ್ನ, ಇಡೀ ಸಿಂಧನೂರು ಬಸ್‌ಸ್ಟ್ಯಾಂಡ್ ತುಂಬಿರ್ತೈತಿ, ಅಂಥಾದ್ರಾಗ ಮೈಕ್ ಬಿಟ್ಟು ಬಂದೀನಿ ಅಂದ್ರ ತಿಳ್ಕೋ. ಕೇಳು... ಕೇಳಾಕತ್ತೈತಿಲ್ಲೋ? ನನ್ನ ಬದ್ಲಿ ಆನಂದಕುಮಾರ ಒದರಾಕತ್ತಾನ. "ಮಸ್ಕಿ, ಲಿಂಗಸೂರು, ಹಟ್ಟಿ." ಥೂ! ಜ್ವರ ಬಂದೋರ ಹಂಗ ಒದರ್ತಾನ. ಅದಕ್ಕ ಜರಾ ಜೀವ ಬೇಕೋ! "ಮಸ್ಕೀ... ಲಿಂಗಸೂರೂ... ಹಟ್ಟೀ!" ಹಿಂಗ. ಬಾಕಿನ ಮ್ಯಾಲೆ ಮಲ್ಕೊಂಡಾಂವ ಸೈತ ಎದ್ದು ಚೀಲ ಹಿಡ್ಕೋಬೇಕು. ಹನ್ನೊಂದು ವರ್ಷ ಆತು, ದಿನಕ್ಕ ಎಷ್ಟು ಸಲ ಹಟ್ಟಿ ಹಟ್ಟಿ ಅಂದೀನೋ ಆ ದೇವ್ರಿಗೇ ಗೊತ್ತು.

ಹೂಂ, ಎಂಜಿನ್ನಿಗೆ ಗಾಳಿ ಸೋಸೋ ಫಿಲ್ಟರ್. ಫೋನಿನ್ಯಾಗ ಎಲ್ಲಾ ನೋಡ್ಕೊಂಡು ಬಂದೀನಿ, ನನಗ ಏನೂ ತಿಳಿಯಂಗಿಲ್ಲ ಅನ್ಕೋಬ್ಯಾಡ. ಮೂರು ನಮೂನಿ ಅದಾವ, ಹೌದಿಲ್ಲೋ? ಒಂದು, ಈಗಿನ ಡಬ್ಬಿಯೊಳಗನ ಕುಂದ್ರೋದು. ಕಾಗದದ ಬದ್ಲಿ ಹತ್ತಿದು. ತೊಳೀಬೇಕು, ಒಣಗಿಸ್ಬೇಕು, ಎಣ್ಣಿ ಹಚ್ಬೇಕು, ಮತ್ತ ಹಾಕ್ಬೇಕು... ಕೂಸಿನ ಬಾಣಂತನ ಮಾಡಿದಂಗ. ಇನ್ನೊಂದು ಉದ್ದ ಪೈಪಿಂದು, ಬಂಪರ್ ತನಕ ಇಳದು ತಣ್ಣನ ಗಾಳಿ ಕುಡಿಯೋದು. ಮತ್ತ ಈ ಕೋನ್. ಡಬ್ಬೀನ ಕಿತ್ತೊಗದು, ಬಾಯಿ ತಕ್ಕೊಂಡು ನಿಂತ್ಬಿಡ್ತೈತಿ. ನನಗ ಕೋನ್ ಬೇಕು.

ಏನು? ಪಿಕಪ್ ಬರಂಗಿಲ್ಲಾ? ಬ್ಯಾಡ, ನಾ ಏನ್ ರೇಸಿಗೆ ಹೊಂಟೀನಾ. ಬಾನೆಟ್ ಒಳಗಿನ ಬಿಸಿಗಾಳಿ ಎಳೀತೈತಾ? ಎಳೀಲಿ. ಧೂಳು ಒಳಗ ಹೋಗಿ ಎಂಜಿನ್ ತಿಂತೈತಾ? ಅಯ್ಯ, ತಿಂದ್ರ ನೀ ಇದ್ದೀಯಲ್ಲೋ! ಬರೇ ಸಪ್ಪಳ ಬರ್ತೈತಿ ಅಂತೀಯಾ... ಹಾಂ! ಅದ. ಅದ ಬೇಕು ನನಗ. ಬರೇ ಸಪ್ಪಳ ಸಾಕು.

ಯಾಕಂದ್ರ... ನಿನಗ ಗೊತ್ತೈತಲ್ಲ, ಐತಾರಕ್ಕೊಮ್ಮೆ ಹಟ್ಟಿಗೆ ಹೋಗ್ತೀನಿ, ಅನುಪಮಾನ ಮನಿಗೆ. ಇರಾಕಿ ಒಬ್ಬಾಕಿ ಮಗಳು, ಹೋಗ್ಲಿಲ್ಲಂದ್ರ ಹೆಂಗ? ಮಸ್ಕಿಯಾಗ ಒಂದು ಚಾ, ಲಿಂಗಸೂರಿನ್ಯಾಗ ಮಮ್ಮಗಳಿಗೆ ಬಾಳೆಹಣ್ಣು, ಹತ್ತು ಹೊಡಿಯೋದ್ರಾಗ ಹಟ್ಟಿ. ಮಮ್ಮಗಳಂತೂ, ಏನ್ ಹೇಳ್ಲಿ, ಬಾನೆಟ್ ಮ್ಯಾಲೆ ಕುಂದ್ರಿಸಿದ್ರ ಇಳಿಯಂಗೇ ಇಲ್ಲ! ಅಳಿಯ ರಾಜೇಶ ಗಣಿಯಾಗ ರಾತ್ರಿ ಪಾಳಿ ಮುಗಿಸ್ಕೊಂಡು ಬಂದು ಮಲಗಿರ್ತಾನ. ಪಾಪ, ಹಾರ್ನ್ ಹೊಡದು ಎಬ್ಬಸ್ಬಾರ್ದು. ಈ ಗಾಡಿ ನೋಡಿದ್ರ ಬೆಕ್ಕಿನಂಗ ಬರ್ತೈತಿ, ಬಂದಿದ್ದು ಯಾರಿಗೂ ಗೊತ್ತಾಗಂಗಿಲ್ಲ. ಅದಕ್ಕ ಜರಾ ಸಪ್ಪಳ.

ಏನ್ ಹಂಗ ನೋಡ್ತಿ? ...ಸಪ್ಪಳಕ್ಕ ಅಳಿಯಗ ಎಚ್ಚರ ಆಗಂಗಿಲ್ಲೇನು ಅಂತೀಯಾ? ಅದು... ಅದು ಬ್ಯಾರೆ ಸಪ್ಪಳೋ ಮಾರಾಯ. ಹಾರ್ನ್ ಅಂದ್ರ ಹಾರ್ನ್, ಎಂಜಿನ್ ಅಂದ್ರ ಎಂಜಿನ್. ನೀ ಮೆಕ್ಯಾನಿಕ್ ಆಗಿ ನನ್ನ ಕೇಳ್ತಿ!

ಕೂಸಿನ ಹೆಸರಾ? ಪುಟ್ಟಿ ಅಂತೀವಿ. ಹೂಂ, ಪುಟ್ಟಿ. ಅಲ್ಲೋ, ಇಟ್ಟ ಹೆಸರು ಬ್ಯಾರೆ ಇರ್ತೈತಲ್ಲ, ಈಗಿನ ಮಂದಿ ಏನೇನೋ ಇಡ್ತಾರ, ನನ್ನ ನಾಲಿಗಿ ಹೊಳ್ಳಂಗಿಲ್ಲ... ಯಾಕ, ಮತ್ತ ನಗಾಕತ್ತಿ? ದಿನಾ ನೂರು ಊರ ಹೆಸರು ಒದರೋ ನಾಲಿಗಿ ಮಮ್ಮಗಳ ಹೆಸರಿಗೆ ಹೊಳ್ಳಂಗಿಲ್ಲಾ ಅಂತ ನಗ್ತಿ. ನಗು, ನಗು. ಚಾ ತರಸು ಅದರ ಬದ್ಲಿ.

ಏ! ಏ, ಏನ್ ಮಾಡಾಕತ್ತಿ? ಬಾನೆಟ್ ಯಾಕ ಎತ್ತಿದಿ? ಅಳತಿ ತಗೋಬೇಕಾ? ಅಳತಿ ಮ್ಯಾಲಿಂದ ತಗೋ, ಡಬ್ಬಿ ಬಿಚ್ಚಬ್ಯಾಡ. ಹೊಸಾದು ತರಸಿದ ಮ್ಯಾಲೆ ಬಿಚ್ಚಿದ್ರಾತು. ಈಗ ಯಾಕ ಸುಮ್ಕ... ಮೀಟರ್ ನೋಡಬ್ಯಾಡ, ಅದು ಕೆಟ್ಟೈತಿ. ಆರು ತಿಂಗಳಾತು, ನಿಂತೇಬಿಟ್ಟೈತಿ. ಹೇಳಾಕ ಮರತಿದ್ದೆ.

ಇದು ಯಾರದು, ಇಲ್ಲಿ ನೆಲದ ಮ್ಯಾಲೆ ಬಿದ್ದದ್ದು? ಯಪ್ಪಾ! ದಢೇಸುಗೂರು ವೀರೇಶನ ಗಾಡಿದಾ? ಫಿಲ್ಟರೋ ಏನ್ ರೊಟ್ಟಿ ಹಂಚೋ! ಮುಟ್ಟಿದ್ರ ಬೆರಳು ಕರ್ರಗಾಗ್ತಾವ. ಭತ್ತ ಕೊಯ್ಯೋ ಮಷೀನ್ ಧೂಳು, ಮತ್ತೇನ್ ಆಗ್ತೈತಿ. ಎರಡು ತಿಂಗಳಿಂದಾ ಇದು? ಬರೇ ಎರಡು ತಿಂಗಳು? ...ನಂದು ಇಷ್ಟು ಆಗಿರಂಗಿಲ್ಲ ಬಿಡು. ನಾ ಗ್ಲಾಸ್ ಏರಿಸ್ಕೊಂಡು ಹೊಡೀತೀನಿ.

ಬ್ಯಾಡ ಅಂದೆ ಶಾವಲಿ. ಆ ಕ್ಲಿಪ್ ಬಿಡು.

ತಗದಿ.

ತಗದೇಬಿಟ್ಟೆಲ್ಲ.

ಟಯರಿಗೆ ಯಾಕ ಬಡೀತಿ? ಏನೂ ಉದ್ರಂಗಿಲ್ಲ ಅದ್ರಾಗ. ಇನ್ನೊಮ್ಮೆ ಬಡದ್ರೂ ಉದ್ರಂಗಿಲ್ಲ... ಬ್ಯಾರೆ ಕಡೆ ಗಾಳಿ ಹೊಡಿಸಿದ್ದೆನೋ, ಅದಕ್ಕ ಸ್ವಚ್ಛ ಐತಿ. ಮಸ್ಕಿಯಾಗ ಒಬ್ಬಾಂವ... ಅಂಚು ನೋಡಬ್ಯಾಡ. ಗೊತ್ತೈತಿ, ನಿನ್ನ ಕೈಯಿಂದನ ಬರದದ್ದು ಅದು. ಹಾಕಿದ ತಾರೀಖು, ಮೀಟರಿನ ಅಂಕಿ. ನೀ ಎಲ್ಲಾ ಗಾಡಿಗೂ ಹಂಗ ಬರೀತಿ, ಆ ಹಾಳು ಮಾರ್ಕರ್ ಕಿವಿ ಮ್ಯಾಲೆ ಸಿಕ್ಕಿಸ್ಕೊಂಡು. ಯುಗಾದಿ ಹಿಂದಿನ ದಿನ ಅಲ್ಲೇನು ಹಾಕಿದ್ದು? ಯುಗಾದಿ ಹಿಂದಿನ ದಿನ.

ಆಗಿಂದ ಹಲ್ಲು ಕಿಸದು ನಿಂತಿದ್ದಿ, ಈಗ ನಗು ನೋಡೂಣು. ವಾರಕ್ಕೊಮ್ಮೆ ಹಟ್ಟಿಗೆ ಹೋಗಿ ಬರೋ ಗಾಡಿ ಫಿಲ್ಟರ್ ಮದುಮಗನ ಅಂಗಿಯಂಗ ಬೆಳ್ಳಗೈತಿ, ನಗು. ಅದನ್ನ ಕೈಯಾಗ ಹಿಡ್ಕೊಂಡು ಹಂಗ ನಿಂದ್ರಬ್ಯಾಡ. ಬೈಯಿ ಬೇಕಾದ್ರ. ನನ್ನ ಮಾರಿ ನೋಡಬ್ಯಾಡ, ಶಾವಲಿ...

ಹೋಗಿಲ್ಲೋ.

ಒಂದ ಸಲ ಹೋಗೀನಿ. ಒಂದ.

ನಾ ಏನಂದೀನಿ ಗೊತ್ತೇನು ಅಕಿಗೆ? ಯಾರಿಗೂ ಹೇಳಿಲ್ಲ ಇದನ್ನ. ಹುಡುಗ ಗಣಿಯಾಗ ಇಳೀತಾನ ಅಂತ ಗೊತ್ತಾದಾಗ ನಾ ಒಲ್ಲೆ ಅಂದೆ. ರಾಜೇಶ ಚಲೋ ಹುಡುಗ, ಆಗೂ ಗೊತ್ತಿತ್ತು ನನಗ. ಆದ್ರ ಅಷ್ಟು ಆಳ ನೆಲದಾಗ ಇಳಿಯೋನಿಗೆ ನನ್ನ ಕೂಸಿನ್ನ ಹೆಂಗ ಕೊಡ್ಲಿ? ಅಕಿ ಕೇಳ್ಲಿಲ್ಲ. ಲಗ್ನದ ಹಿಂದಿನ ದಿನ ಕಾಲಿಗೆ ಬೀಳಾಕ ಬಂದ್ಲು. ನಾ ಕಾಲು ಹಿಂದಕ್ಕ ತಗೊಂಡೆ. "ಕುಂಕುಮ ಒರಸ್ಕೊಂಡು ಇದ ಬಾಗಿಲಿಗೆ ಬರ್ತಿ ನೋಡು" ಅಂದೆ. ಹೆತ್ತ ಮಗಳಿಗೆ! ಈ ಬಾಯಿಲೆ ಅಂದೆನೋ, ಈ ಬಾಯಿಲೆ!

ಅಂಜಿಕಿಗೆ ಅಂದೆ. ಆಣಿ ಮಾಡಿ ಹೇಳ್ತೀನಿ, ಬರೇ ಅಂಜಿಕಿ. ನನ್ನ ಹೇಣ್ತಿ ಪದ್ಮಾವತಿ ಹೋದಾಗ ಅನು ನಾಕು ವರ್ಷದಾಕಿ. ಒಬ್ಬರು ಹೋದ್ರ ಉಳದೋರು ಹೆಂಗ ಇರ್ತಾರ ಅಂತ ನನಗ ಗೊತ್ತಿತ್ತಲ್ಲ. ಅಕಿಗೆ ಹಂಗಾಗಬಾರ್ದು ಅನ್ನಾಕ ಹೋಗಿ, ಹಂಗ ಆಗ್ಲಿ ಅಂದಂಗಾತು. ಅಕಿ ಅಳ್ಲಿಲ್ಲ. ಸೀರಿ ಸೆರಗು ಸರಿ ಮಾಡ್ಕೊಂಡು ಎದ್ದು ಹ್ವಾದ್ಲು.

ಕೂಸು ಹುಟ್ಟಿದ್ದು ಸೈತ ಹಟ್ಟಿ ಬಸ್ಸಿನ ಕಂಡಕ್ಟರ್ ಜಂಗ್ಲಿಸಾಬ್ ಹೇಳಿದ. ಕಿಟಕಿಯಾಗ ಲಾಗ್‌ಶೀಟ್ ಚಾಚಿ, "ತಾತ ಆದ್ರೆಲ್ಲ ಸಾಹೇಬ್ರ, ಹೆಣ್ಣು" ಅಂದ. ನಾ ಗೊತ್ತಿದ್ದೋರ ಹಂಗ ನಕ್ಕೆ. ತೊಟ್ಟಿಲಿಗೆ ಕರೀಬಹುದು ಅಂತ ಎರಡು ವಾರ ಫೋನ್ ಕಿಸೆದಾಗ ಇಡ್ಲಿಲ್ಲ, ಕೈಯಾಗ ಹಿಡ್ಕೊಂಡಿದ್ದೆ. ಕರೀಲಿಲ್ಲ. ಯಾಕ ಕರೀತಾಳ? ಆಮ್ಯಾಲೆ ಈ ಗಾಡಿ ತಗೊಂಡೆ. ಬಸ್ಸಿಗೆ ಹೋದ್ರ ಎಲ್ಲಾ ಡ್ರೈವರು ಕಂಡಕ್ಟರು ಗುರ್ತಿನೋರು, ಬಾಗಿಲು ತಗೀಲಿಲ್ಲಂದ್ರ ತಿರುಗಿ ಅದ ಬಸ್ಸಿನ್ಯಾಗ ಯಾವ ಮಾರಿ ಇಟ್ಕೊಂಡು ಬರ್ಲಿ?

ಯುಗಾದಿ ಆದ ಮ್ಯಾಲಿನ ಐತಾರ ಹೋದೆ. ಕ್ವಾರ್ಟರ್ಸಿನ ಸಾಲಿನ್ಯಾಗ ಕೊನೀ ಮನಿ. ತಂತಿ ಮ್ಯಾಲೆ ಇಷ್ಟಿಷ್ಟು ಅಂಗಿ ಒಣಾಕಿದ್ರು, ನನ್ನ ಅಂಗೈ ಅಗಲ. ಇಳೀಬೇಕು, ಬಾಗಿಲು ಬಡೀಬೇಕು. ಗಾಡಿ ಹಿಡಿಕಿಗೆ ಕೈ ಇಟ್ಟು ಕುಂತಬಿಟ್ಟೆ. "ಅನೂ" ಅಂತ ಕರೀಬೇಕು. ಇಡೀ ಬಸ್‌ಸ್ಟ್ಯಾಂಡಿಗೆ ಕೇಳೋ ದನಿ ಇದು, ಒಂದು ಮಾತು ಹೊರಡ್ಲಿಲ್ಲೋ ಶಾವಲಿ! ಹಾರ್ನ್ ಹೊಡಿಯೋಣಂದ್ರ ಬ್ಯಾರೇರ ಮನಿ ಮುಂದ ಬಾಡಿಗಿ ಗಾಡಿಯಾಂವ ಹೊಡದಂಗ ಅನಿಸ್ತು. ಎಂಜಿನ್ ಚಾಲೂ ಇಟ್ಕೊಂಡು ಒಂದು ತಾಸು ಕುಂತೆ. ಬಾಗಿಲು ತಗೀಲಿಲ್ಲ. ಹೆಂಗ ತಗೀತಾಳ, ಈ ಗಾಡಿಗೆ ದನಿಯೇ ಇಲ್ಲ.

ನಾ ಡ್ರೈವರ್ ಇದ್ದಾಗ, ಇನ್ನಾ ಸೊಂಟ ಹೋಗಿರ್ಲಿಲ್ಲ, ನಮ್ಮ ಮನಿ ಮುಂದಿಂದ ಬಸ್ ಬರ್ತಿತ್ತು. ಸಂಜಿಕ ಹತ್ತು ಬಸ್ ಹೋಗ್ತಿದ್ವು, ಅಕಿ ಎದ್ದು ಬರ್ತಿದ್ದಿಲ್ಲ. ನಂದು ತಿರುವಿಗೆ ಗುರ್ ಅಂದ್ರ ಸಾಕು, "ಅಪ್ಪಂದು!" ಅಂತ ತಂಬಿಗಿ ನೀರು ಹಿಡ್ಕೊಂಡು ಓಡಿ ಬಂದು ನಿಂದ್ರತಿದ್ಲು. ಸಪ್ಪಳ ಕೇಳಿದ್ರ ಬರ್ತಾಳ ಅಂತ... ಸಿಟ್ಟು ನೆನಪಾಗೋದ್ರೊಳಗ ಕಾಲು ಎದ್ದು ಬಂದಿರ್ತಾವ ಅಂತ... ಅಷ್ಟ ನನ್ನ ಲೆಕ್ಕ.

ಅವತ್ತಿಂದ ಐತಾರಕ್ಕೊಮ್ಮೆ ಇಸ್ತ್ರಿ ಅಂಗಿ ಹಾಕ್ಕೊಂಡು, ಓಣಿ ಮಂದಿಗೆಲ್ಲಾ ಮಗಳ ಮನಿಗೆ ಅಂತ ಹೇಳಿ ಹೊಂಡ್ತೀನಿ. ಕಾಲುವಿ ತನಕ. ಅಲ್ಲಿ ಜಾಲಿ ಗಿಡದ ನೆಳ್ಳಿಗೆ ಗಾಡಿ ಹಚ್ಚಿ ಕುಂತಿರ್ತೀನಿ. ತಗೊಂಡ ಬಾಳೆಹಣ್ಣು ನಾನ ತಿಂತೀನಿ. ಸಂಜಿಗೆ ವಾಪಸ್. ಕೂಸು ಹೆಂಗೈತಿ ಅಂತ ಓಣಿಯಾಗ ಕೇಳ್ತಾರ, ಬೇಷ್ ಐತಿ ಅಂತೀನಿ.

ಏನ್ ಮಾಡಾಕತ್ತಿ? ...ಅದನ್ನ ಮತ್ತ ಹಾಕ್ತಿಯೇನು? ಹಳೇದನ್ನ? ಕೋನ್ ಇಲ್ಲ? ಬಟ್ಟಿಲೆ ಕೈ ಒರಸ್ಕೊಂಡು ನನ್ನ ಬಾಯಿ ಕಡೆ ಯಾಕ ಬೆರಳು ಮಾಡ್ತಿ?

...ತಿಳೀತು. ತಿಳೀತು ಬಿಡು. ನಾನ ಕರೀಬೇಕು. ಬಾಗಿಲು ತಗೀಲಿ, ಬಿಡ್ಲಿ.

ತಡಿ, ಕ್ಲಿಪ್ ಹಾಕಬ್ಯಾಡ. ಆ ಮಾರ್ಕರ್ ತಗಿ. ಇವತ್ತಿನ ತಾರೀಖು ಬರಿ, ಹಳೇದರ ಕೆಳಗ. ಮೀಟರಿನ ಅಂಕೀನೂ ಬರಿ... ನಡೀತೈತಿ ಮೀಟರ್, ಸುಳ್ಳು ಹೇಳಿದ್ದೆ. ಬರದಿ? ಅದರ ಬಾಜು ಒಂದೀಟು ಜಾಗ ಬಿಡು.

ಕೂಸಿನ ಹೆಸರು ಕೇಳಿದೆಲ್ಲ ಆಗಳೆ. ಪುಟ್ಟಿ ಅಲ್ಲ. ನನಗ ಗೊತ್ತಿಲ್ಲ ಶಾವಲಿ. ಸೋಮವಾರ ಬಂದು ಹೇಳ್ತೀನಿ, ಬರ್ಕೋವಂತಿ.

ಜರಾ ಹೆಚ್ಚ ಬಿಡು ಜಾಗ. ಉದ್ದ ಇದ್ರೂ ಇರಬಹುದು.