ದೊರೆಸಾನಿಯ ಉಪವಾಸ

ರಾತ್ರಿ ಊಟ ಆದ್ಮೇಲೆ ಬೆಕ್ಕಿಗೆ ಯಾರೂ ಏನೂ ಹಾಕಬಾರದು. ಇಷ್ಟೇ ತಾನೇ ನಿಯಮ? ಒಂದೇ ಒಂದು ಮಾತು! ಮರಿ ಹಾಕದ ಹಾಗೆ ಆಪರೇಷನ್ ಮಾಡಿಸೋಕೆ ಕರ್ಕೊಂಡು ಹೋಗ್ತಿದ್ದೀವಿ, ಹೊಟ್ಟೇಲಿ ಏನಾದ್ರೂ ಇದ್ರೆ ಪ್ರಜ್ಞೆ ಇಲ್ಲದಾಗ ವಾಂತಿ ಆಗಿ ಉಸಿರಿಗೆ ಸಿಕ್ಕಿಕೊಳ್ಳುತ್ತೆ, ಜೀವಕ್ಕೇ ಅಪಾಯ... ಡಾಕ್ಟರಮ್ಮ ಹೇಳಿದ್ದನ್ನ ಹಾಗೇ ಊಟದ ಮೇಜಿನ ಮುಂದೆ ನಿಂತು ಹೇಳಿದ್ನೋ ಇಲ್ವೋ? ಹಿಂದೆ ತಿರುಗಬೇಡ ಮಗಳೇ, ದೊರೆಸಾನಿ ಬುಟ್ಟಿ ನನ್ನ ತೊಡೆ ಮೇಲೆ ಭದ್ರವಾಗಿದೆ. ನೀನು ರಸ್ತೆ ನೋಡಿ ಕಾರು ಓಡಿಸು.

ಬೆಳಿಗ್ಗೆ ನಿಮ್ಮಜ್ಜಿ ಮಂಚದ ಕೆಳಗೆ ಏನು ಸಿಕ್ತು? ತಟ್ಟೆ! ನೆಕ್ಕಿ ನೆಕ್ಕಿ ಕನ್ನಡಿ ಥರ ಹೊಳೀತಿತ್ತು. 'ಯಾರಿಗಮ್ಮಾ ಹಾಲು?' ಅಂದ್ರೆ, 'ನಾನೇ ಕುಡಿದೆ ಕಣೋ' ಅಂತಾಳೆ. ತಟ್ಟೇಲಿ? ಮಂಚದ ಕೆಳಗೆ ಕೂತು? ...ಯಾಕೆ ನಗ್ತೀಯ? ನಗೋ ವಿಷಯ ಅಲ್ಲ ಇದು.

ನಿಮ್ಮಮ್ಮ ಇನ್ನೂ ಘಾಟಿ. ಫ್ರಿಜ್ಜಲ್ಲಿದ್ದ ಮೀನಿನ ತಲೆ ಎಲ್ಲಿ ಅಂದ್ರೆ, 'ಕೆಟ್ಟುಹೋಗಿತ್ತು, ಎಸೆದೆ' ಅಂದ್ಲು. ಕಸದ ಡಬ್ಬಿ ಬಗ್ಗಿ ನೋಡಿದೆ. ತಲೆ ಇರಲಿ, ಒಂದು ಮುಳ್ಳೂ ಇಲ್ಲ! ನಿನ್ನ ತಮ್ಮನ ಜೇಬಿನ ತುಂಬ ಬಿಸ್ಕತ್ತಿನ ಪುಡಿ. ಪರೀಕ್ಷೇಲಿ ಎಷ್ಟು ಹುಡುಗರ ಅಂಗಿ ತೋಳೊಳಗಿಂದ ಚೀಟಿ ಎಳೆದ ಮೇಷ್ಟ್ರು ನಾನು. ನನ್ನ ಕಣ್ಣಿಗೇ ಮಣ್ಣೆರಚ್ತಾರೆ, ಮನೆಯವರು!

ನೀನೂ ಏನು ಕಡಿಮೆ ಇಲ್ಲ... ಹೂಂ, ನಿನ್ನ ಮೇಲೂ ಅನುಮಾನ ಇದೆ. ಹತ್ತಿ ಅದ್ದಿ ಅದ್ದಿ ಹಾಲು ಕುಡಿಸಿ ಸಾಕಿದವಳು ನೀನು. ರಾತ್ರಿ ಬಾಗಿಲು ಹಾಕ್ಕೊಂಡು ಮಲಗಿದ್ದು ಯಾಕೆ? ಏನು... ಅವಳ ಕೂಗು ಕೇಳಬಾರದು ಅಂತಾನಾ? ಸರಿ, ಸರಿ. ನಂಬಿದೆ ಅನ್ಕೋ.

ಹಾಂ, ಬಂತು ಕ್ಲಿನಿಕ್ಕು. ಗೇಟಿನ ಪಕ್ಕ ನಿಲ್ಲಿಸು. ನರ್ಸಮ್ಮ ಬಂದು, ಏನಾದ್ರೂ ತಿಂದಿದೆಯಾ ಅಂತ ಕೇಳ್ತಾರೆ. 'ಇಲ್ಲ' ಅನ್ನು. ...ಸುಳ್ಳು ಹೇಗಾಗುತ್ತೆ? ಯಾರಾದ್ರೂ ಒಪ್ಕೊಂಡ್ರಾ? ಯಾರೂ ಒಪ್ಪಿಲ್ಲ ಅಂದ್ಮೇಲೆ ಯಾರೂ ಹಾಕಿಲ್ಲ ಅಂತಲೇ ಅರ್ಥ! ಇವತ್ತು ತಪ್ಪಿದ್ರೆ ಮತ್ತೆ ಯಾವಾಗ ಸರದಿ ಸಿಗುತ್ತೋ. ಅಷ್ಟರಲ್ಲಿ ಇನ್ನೊಂದು ಬಾಣಂತನ ನಮ್ಮ ತಲೆಗೆ. ಮರಿ ಕೊಡೋಕೆ ಬೀದೀಲಿ ಒಂದು ಮನೆ ಉಳಿದಿಲ್ಲ. ನನ್ನ ಕಂಡ್ರೆ ಜನ ಚಿಲಕ ಹಾಕ್ಕೋತಾರೆ.

ಏ, ಬಿಡೇ ದೊರೆಸಾನಿ... ಸಂದಿಯಿಂದ ನಾಲಿಗೆ ಹಾಕಿ ನನ್ನ ಬೆರಳು ಹೇಗೆ ನೆಕ್ತಾಳೆ ನೋಡು. ಪ್ರೀತಿ! ...ಯಾಕೆ ಹಾಗೆ ನೋಡ್ತೀಯ? ಉಗುರಂಚಿನ ಹಳದೀನಾ? ಸೀಮೆಸುಣ್ಣ. ಬಣ್ಣದ ಸೀಮೆಸುಣ್ಣ.

...

ಹೌದು. ಇವತ್ತು ಭಾನುವಾರ.

ನಾನೇನು ಮಾಡ್ಲಿ ಕಣೇ! ಬೆಳಕು ಹರಿಯೋ ಹೊತ್ತಿಗೆ ಖಾಲಿ ಬಟ್ಟಲ ಮುಂದೆ ಕೂತು ನನ್ನ ಮುಖವನ್ನೇ ನೋಡ್ತಿದ್ಲು. ಕೂಗಲೂ ಇಲ್ಲ. ಒಂದೇ ಮೊಟ್ಟೆ... ಅದೂ ಬರೀ ಹಳದಿ ಭಾಗ.

ಈಗ ಸುಮ್ನಿರು, ನರ್ಸಮ್ಮ ಬಂದ್ರು. ನಮಸ್ಕಾರಮ್ಮಾ, ತಂದಿದ್ದೀವಿ, ಏನೂ ತಿಂದಿಲ್ಲ, ತಗೊಳ್ಳಿ... ಈ ಬಾಗಿಲು ಯಾಕೆ ತೆರೀತಿಲ್ಲ? ಲಾಕ್ ಒತ್ತಿದ್ದು ನೀನಾ? ತೆಗಿ. ಮಗಳೇ, ಅವರು ಕೈ ಚಾಚಿ ನಿಂತಿದ್ದಾರೆ, ತೆಗಿ... ಏ, ಏ! ಗಾಡಿ ಯಾಕೆ ಹಿಂದಕ್ಕೆ ತಗೋತಿದ್ದೀಯ?